ಕಬ್ಬಿನ ಡಾಕ್ಟ್ರು

ಮಂಡ್ಯದ ಕಡೆ ರೈತರು ನನ್ನನ್ನು 'ಡಾಕ್ಟ್ರೇ' ಅಂತಲೇ ಕರೆಯುತ್ತಾರೆ. ನಾನು ಓದಿದ್ದು ಸಸ್ಯರೋಗ ಶಾಸ್ತ್ರ. ಪಿಎಚ್‌.ಡಿ ಮಾಡಿದ್ದು ಕಬ್ಬಿನ ಕೆಂಪು ಕೊಳೆ ರೋಗದ ಮೇಲೆ. ಒಣಗುತ್ತಿರುವ ಜಲ್ಲೆಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಕೆಂಪು, ನಡುನಡುವೆ ಅಡ್ಡಕ್ಕೆ ಬಿಳಿ ಮಚ್ಚೆ, ಮೂಗಿಗೆ ಹುಳಿ ವಾಸನೆ. ಅದನ್ನು ನೋಡಿ, 'ಈ ಗದ್ದೆಯಿಂದ ಬಿತ್ತನೆ ತುಂಡು ತೆಗೆಯಬೇಡಿ, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆ ಬಿಡಬೇಡಿ' ಅಂತ ಹೇಳುವುದು ನನ್ನ ಕೆಲಸ. ರೋಗ ಗುರುತಿಸುವವನನ್ನು ಡಾಕ್ಟ್ರು ಅನ್ನುವುದರಲ್ಲಿ ತಪ್ಪೇನಿದೆ?

'ಸೂಜಿ ಚುಚ್ಚದವರು ಎಂಥ ಡಾಕ್ಟ್ರು' ಅನ್ನುವವರೂ ಇದ್ದಾರೆ. ಆದರೆ ಈ ಪದ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಲ್ಯಾಟಿನ್‌ನಲ್ಲಿ 'ಡೊಕೇರೆ' ಅಂದರೆ ಕಲಿಸುವುದು. ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಕಾನೂನು, ಧರ್ಮಶಾಸ್ತ್ರ, ವೈದ್ಯ ಕಲಿಸುವ ಮೇಷ್ಟ್ರುಗಳ ಹೆಸರಾಗಿತ್ತು ಅದು. ಅಂಬೇಡ್ಕರ್ ಅವರ ಹೆಸರಿನ ಮುಂದಿನ 'ಡಾ.' ಅರ್ಥಶಾಸ್ತ್ರದ್ದು. 1923ರಲ್ಲಿ ಲಂಡನ್‌ನ ಡಿಎಸ್‌ಸಿ, 1927ರಲ್ಲಿ ಕೊಲಂಬಿಯಾದ ಪಿಎಚ್‌.ಡಿ. ಅದನ್ನು ಬಿಟ್ಟು ಅವರ ಹೆಸರು ಹೇಳಲು ನಮ್ಮ ಊರುಗಳಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ವೈದ್ಯರ ಎಂಬಿಬಿಎಸ್ ಮೊದಲ ಹಂತದ ಪದವಿ. ಅವರನ್ನು ಡಾಕ್ಟರ್ ಅನ್ನುವುದು ರೂಢಿಯಿಂದ ಬಂದದ್ದು. ಅವರಿಂದ ಅದನ್ನು ಕಿತ್ತುಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ.

ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆಯೇ ಒಂದು ಬೆಳಿಗ್ಗೆ. ಪಾಂಡವಪುರದ ಕಡೆಯ ರೈತನೊಬ್ಬ ತರಕಾರಿಗೆ ಔಷಧಿ ಹೊಡೆದಿದ್ದ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ಅವನ ತಮ್ಮ ದಾರಿಯಲ್ಲಿದ್ದ ಆಸ್ಪತ್ರೆ ದಾಟಿಸಿ ನನ್ನ ಹತ್ತಿರ ಕರೆತಂದಿದ್ದ. 'ಔಷಧಿ ವಿಷಯ ನಿಮಗೇ ಜಾಸ್ತಿ ಗೊತ್ತಲ್ವಾ ಡಾಕ್ಟ್ರೇ' ಅಂದ.

ಬಾಟಲಿ ನೋಡಿದೆ. ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕ. ಈ ವಿಷಕ್ಕೆ ಅಟ್ರೋಪಿನ್ ಬೇಕು, ಉಸಿರಾಟ ನೋಡಿಕೊಳ್ಳುವವರು ಬೇಕು. ಎರಡೂ ನನ್ನ ಹತ್ತಿರ ಇರಲಿಲ್ಲ. ಔಷಧಿ ಬಿದ್ದ ಬಟ್ಟೆ ಬಿಚ್ಚಿಸಿ, ಮೈಗೆ ಸೋಪು ಹಾಕಿ ತೊಳೆಸಿ, ಬಾಟಲಿ ಸಮೇತ ನನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದೆ. ಬದುಕಿಕೊಂಡ. ಆದರೆ ಸುಮ್ನೆ ಕಳೆದುಹೋದ ಆ ಅರ್ಧ ಗಂಟೆ ನನ್ನ ಹೆಸರಿನ ಮುಂದಿನ ಒಂದಕ್ಷರದಿಂದ ಹೋದದ್ದು. ಅದು ಇವತ್ತಿಗೂ ಕಾಡುತ್ತದೆ.

ಬೋರ್ಡಿನಿಂದ 'ಡಾ.' ತೆಗೆದಿಲ್ಲ, ತೆಗೆಯುವುದೂ ಇಲ್ಲ. ಕಷ್ಟಪಟ್ಟು ಪಡೆದದ್ದು. ಕೆಳಗೆ ದಪ್ಪ ಅಕ್ಷರದಲ್ಲಿ 'ಬೆಳೆ ರೋಗಕ್ಕೆ ಮಾತ್ರ' ಅಂತ ಬರೆಸಿದೆ. ನನ್ನ ಸಂಶೋಧನಾ ವಿದ್ಯಾರ್ಥಿಗಳಿಗೂ ಹೇಳುತ್ತೇನೆ: ಹೊಸಬರು ಡಾಕ್ಟ್ರೇ ಅಂದ ಕೂಡಲೇ ಯಾವುದರ ಡಾಕ್ಟ್ರು ಅಂತ ನೀವೇ ಹೇಳಿಬಿಡಿ, ಅವರು ಕೇಳಲಿ ಅಂತ ಕಾಯಬೇಡಿ.

ಮೊನ್ನೆ ಅದೇ ತಮ್ಮ ಫೋನ್ ಮಾಡಿದ್ದ. 'ಕಬ್ಬಿನ ಡಾಕ್ಟ್ರಾ? ಸುಳಿ ಒಣಗ್ತಾ ಇದೆ, ಒಂದ್ಸಲ ಬಂದು ನೋಡಿ.'