ಎಆರ್‌ಸಿ ಅಂದರೆ ಏನು? ಟಿವಿಯ ಸೌಂಡ್ ಹೋಮ್ ಥಿಯೇಟರ್‌ಗೆ ಬರುವ ದಾರಿ

ಟಿವಿಯ ಹಿಂಬದಿಯಲ್ಲಿ ಎರಡೋ ಮೂರೋ ಎಚ್‌ಡಿಎಂಐ ಪೋರ್ಟ್‌ಗಳು ಸಾಲಾಗಿ ಇರುತ್ತವೆ. ನೋಡಲು ಎಲ್ಲವೂ ಒಂದೇ ತರಹ. ಅವುಗಳಲ್ಲಿ ಒಂದರ ಪಕ್ಕ ಮಾತ್ರ ಸಣ್ಣ ಅಕ್ಷರದಲ್ಲಿ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಅಂತ ಬರೆದಿರುತ್ತದೆ. ಹೊಸ ಸೌಂಡ್‌ಬಾರ್ ತಂದವರು, ಇದ್ದ ರಿಸೀವರ್‌ಗೆ (ಹೋಮ್ ಥಿಯೇಟರ್‌ನ ಸ್ಪೀಕರ್‌ಗಳನ್ನೆಲ್ಲ ನಡೆಸುವ ಆಂಪ್ಲಿಫೈಯರ್ ಡಬ್ಬಿಗೆ) ಹೊಸ ಟಿವಿ ಜೋಡಿಸಿದವರು ಜಾಸ್ತಿ ಎಡವುವುದು ಇಲ್ಲೇ. ಕೇಬಲ್ ಸರಿ ಇರುತ್ತದೆ, ಸ್ಪೀಕರ್ ಸರಿ ಇರುತ್ತದೆ, ಸೌಂಡ್ ಮಾತ್ರ ಬರುವುದಿಲ್ಲ. ಕೇಬಲ್ ಪಕ್ಕದ ಪೋರ್ಟ್‌ಗೆ ಹೋಗಿ ಕೂತಿರುತ್ತದೆ, ಅಷ್ಟೇ.

ಎಆರ್‌ಸಿ ಅಂದರೆ ಆಡಿಯೊ ರಿಟರ್ನ್ ಚಾನೆಲ್. ಟಿವಿಯೊಳಗೆ ಇರುವ ಸೌಂಡನ್ನು ಅದೇ ಎಚ್‌ಡಿಎಂಐ ಕೇಬಲ್ ಮೂಲಕ ರಿಸೀವರ್‌ಗೋ ಸೌಂಡ್‌ಬಾರ್‌ಗೋ ವಾಪಸ್ ಕಳಿಸುವ ವ್ಯವಸ್ಥೆ. ‘ವಾಪಸ್’ ಅನ್ನೋದೇ ಇಲ್ಲಿ ಮುಖ್ಯ. ಯಾಕೆ ವಾಪಸ್ ಅಂತ ತಿಳಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ನಮ್ಮ ಕಲಬುರಗಿ ಭಾಗಕ್ಕೆ ಟಿವಿ ಬಂದಿದ್ದು ಬೇಗ. 1975ರ ಆಗಸ್ಟ್‌ನಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ‘ಸೈಟ್’ ಯೋಜನೆ ಶುರುವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಒಂದು ಊರಿಗೆ ಒಂದು ಟಿವಿ, ಊರ ಮಂದಿಯೆಲ್ಲ ಅದರ ಮುಂದೆ. ಆಗ ಚಿತ್ರ, ಸೌಂಡ್ ಎರಡೂ ಒಂದೇ ಡಬ್ಬಿಯೊಳಗಿಂದ ಬರುತ್ತಿದ್ದವು. ಡಬ್ಬಿ ದಪ್ಪ ಇತ್ತು, ಸ್ಪೀಕರ್‌ಗೆ ಒಳಗೆ ಜಾಗ ಇತ್ತು. ಈಗಿನ ಟಿವಿ ಎರಡು ಬೆರಳು ದಪ್ಪ ಇದ್ದರೆ ಹೆಚ್ಚು. ಸ್ಪೀಕರ್ ಕೆಳಗೋ ಹಿಂದೋ ಮುಖ ಮಾಡಿರುತ್ತದೆ. ಚಿತ್ರ ಎಷ್ಟೋ ಪಾಲು ಚೆನ್ನಾಯಿತು, ಮಾತು ಮಾತ್ರ ಗೋಡೆಗೆ ಬಡಿದು ಮಸಕಾಗಿ ಕೇಳುತ್ತದೆ. ಅದಕ್ಕೇ ಸೌಂಡನ್ನು ಟಿವಿಯಿಂದ ಹೊರಗೆ ತರಬೇಕಾದ ಅಗತ್ಯ ಬಂತು.

ಹೋಮ್ ಥಿಯೇಟರ್‌ನ ಹಳೆಯ ಜೋಡಣೆಯಲ್ಲಿ ಈ ‘ವಾಪಸ್’ ಬೇಕಾಗಿರಲಿಲ್ಲ. ಡಿವಿಡಿ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಎಲ್ಲವೂ ಮೊದಲು ರಿಸೀವರ್‌ಗೆ ಬರುತ್ತಿದ್ದವು. ರಿಸೀವರ್ ಸೌಂಡನ್ನು ತಾನಿಟ್ಟುಕೊಂಡು ಚಿತ್ರವನ್ನು ಟಿವಿಗೆ ಕಳಿಸುತ್ತಿತ್ತು. ಎಲ್ಲವೂ ಒಂದೇ ದಿಕ್ಕಿಗೆ. 2002ರ ಕೊನೆಯಲ್ಲಿ ಬಂದ ಎಚ್‌ಡಿಎಂಐ ಕೂಡ ಚಿತ್ರ, ಸೌಂಡ್ ಎರಡನ್ನೂ ಪ್ಲೇಯರ್‌ನಿಂದ ಟಿವಿ ಕಡೆಗೆ ಒಯ್ಯಲು ಮಾಡಿದ್ದು. ಆಮೇಲೆ ಟಿವಿಯೊಳಗೇ ಇಂಟರ್‌ನೆಟ್ ಬಂತು, ಆ್ಯಪ್ ಬಂದವು. ಈಗ ಸಿನಿಮಾ ಶುರುವಾಗುವುದೇ ಟಿವಿಯೊಳಗೆ. ಸಾಲಿನ ಕೊನೆಯಲ್ಲಿದ್ದ ಟಿವಿ ಮೊದಲಿಗೆ ಬಂದುಬಿಟ್ಟಿತು. ಸೌಂಡ್ ಈಗ ಟಿವಿಯಿಂದ ರಿಸೀವರ್‌ಗೆ, ಅಂದರೆ ಉಲ್ಟಾ ಹೋಗಬೇಕು.

ಅದಕ್ಕೆ ಮೊದಲು ಇದ್ದ ಉಪಾಯ ಆಪ್ಟಿಕಲ್ ಕೇಬಲ್. ತುದಿಯಲ್ಲಿ ಕೆಂಪು ಬೆಳಕು ಕಾಣುವ ತೆಳ್ಳನೆಯ ವೈರು. 2009ರಲ್ಲಿ ಎಚ್‌ಡಿಎಂಐ 1.4 ಬಂದಾಗ ಎಆರ್‌ಸಿಯೂ ಬಂತು, ಆ ಎರಡನೇ ಕೇಬಲ್‌ನ ಅಗತ್ಯ ತಪ್ಪಿತು. ಎಚ್‌ಡಿಎಂಐ ಪ್ಲಗ್‌ನಲ್ಲಿ 19 ಪಿನ್‌ಗಳಿವೆ. ಅದರಲ್ಲಿ 14ನೆಯದು ಅಲ್ಲಿತನಕ ಖಾಲಿ ಇತ್ತು. 19ನೆಯದು ‘ಈ ತುದಿಯಲ್ಲಿ ಒಂದು ಸಾಧನ ಇದೆ’ ಅಂತ ತಿಳಿಸಲು ಇರುವ ಪಿನ್. ಇವೆರಡನ್ನೂ ಜೋಡಿ ಮಾಡಿ ಅದರ ಮೇಲೆ ಸೌಂಡನ್ನು ಉಲ್ಟಾ ಓಡಿಸಿದರು. ಚಿತ್ರ ತನ್ನ ಪಾಡಿಗೆ ಬೇರೆ ಪಿನ್‌ಗಳಲ್ಲಿ ಈ ಕಡೆ ಬರುತ್ತಿರುತ್ತದೆ, ಸೌಂಡ್ ಆ ಕಡೆ ಹೋಗುತ್ತಿರುತ್ತದೆ. ಎರಡೂ ಏಕಕಾಲಕ್ಕೆ, ಒಂದೇ ಕೇಬಲ್‌ನಲ್ಲಿ.

ಪೋರ್ಟ್ ಯಾವುದು ಅನ್ನೋದು ಯಾಕೆ ಅಷ್ಟು ಮುಖ್ಯ ಅಂತ ಈಗ ಗೊತ್ತಾಯಿತಲ್ವಾ? ಸಾಮಾನ್ಯವಾಗಿ ಟಿವಿಯ ಒಂದೇ ಒಂದು ಪೋರ್ಟ್‌ಗೆ ಮಾತ್ರ ಈ ವಾಪಸ್ ದಾರಿ ಇರುತ್ತದೆ. ರಿಸೀವರ್ ಅಥವಾ ಸೌಂಡ್‌ಬಾರ್ ಕಡೆಯೂ ಹಾಗೆಯೇ. ಅಲ್ಲಿ ಕೇಬಲ್ ಹೋಗಬೇಕಾದ್ದು ‘ಔಟ್’ ಅಥವಾ ‘ಟಿವಿ’ ಅಂತ ಬರೆದ ಪೋರ್ಟ್‌ಗೆ. ಸೌಂಡ್ ಒಳಗೆ ಬರುತ್ತದೆ ಅಂದಮೇಲೆ ‘ಇನ್’ ಇರಬೇಕು ಅಂತ ಅನಿಸುವುದು ಸಹಜ. ಆದರೆ ಆ ಹೆಸರು ಚಿತ್ರ ಹೋಗುವ ದಿಕ್ಕನ್ನು ನೋಡಿ ಇಟ್ಟದ್ದು.

ಇನ್ನು ಈ ದಾರಿಯಲ್ಲಿ ಎಷ್ಟು ಸೌಂಡ್ ಹಿಡಿಸುತ್ತದೆ ಅನ್ನೋ ಪ್ರಶ್ನೆ. ಎಆರ್‌ಸಿಯ ಅಳತೆ ಹೆಚ್ಚುಕಡಿಮೆ ಆಪ್ಟಿಕಲ್ ಕೇಬಲ್‌ನಷ್ಟೇ. ಕುಗ್ಗಿಸದ ಸೌಂಡ್ ಆದರೆ ಎರಡು ಚಾನೆಲ್, ಅಂದರೆ ಎಡ ಮತ್ತು ಬಲ. ಡಾಲ್ಬಿ ಡಿಜಿಟಲ್‌ನಂತೆ ಕುಗ್ಗಿಸಿದ್ದಾದರೆ 5.1, ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಬೇರೆ ಬೇರೆ ಸೌಂಡ್. 2017ರಲ್ಲಿ ಎಚ್‌ಡಿಎಂಐ 2.1ರ ಜೊತೆ ಬಂದದ್ದು ಇಎಆರ್‌ಸಿ, ಅಂದರೆ ಎನ್‌ಹಾನ್ಸ್ಡ್ ಎಆರ್‌ಸಿ. ಅದರಲ್ಲಿ ಸೆಕೆಂಡಿಗೆ 37 ಮೆಗಾಬಿಟ್ ತನಕ ಹೋಗಬಹುದು. ಕುಗ್ಗಿಸದ 7.1 ಸೌಂಡ್, ಬ್ಲೂರೇ ಡಿಸ್ಕ್‌ನಲ್ಲಿರುವ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ, ಎಲ್ಲಕ್ಕೂ ಜಾಗ ಇದೆ.

ತಲೆಯ ಮೇಲಿನಿಂದಲೂ ಸೌಂಡ್ ಬಂದಂತೆ ಕೇಳಿಸುವ ಡಾಲ್ಬಿ ಆಟ್ಮಾಸ್ ವಿಷಯದಲ್ಲಿ ಅಂಗಡಿಗಳಲ್ಲಿ ಅರ್ಧ ಮಾತು ಓಡಾಡುತ್ತದೆ. ‘ಆಟ್ಮಾಸ್ ಬೇಕಂದ್ರ ಇಎಆರ್‌ಸಿ ಟಿವಿನೇ ತಗೋಬೇಕ್ರಿ’ ಅಂತ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಆಟ್ಮಾಸ್ ಎರಡು ರೂಪದಲ್ಲಿ ಬರುತ್ತದೆ. ಸ್ಟ್ರೀಮಿಂಗ್ ಆ್ಯಪ್‌ಗಳು ಅದನ್ನು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಇಟ್ಟು ಕಳಿಸುತ್ತವೆ. ಇದು ಕುಗ್ಗಿಸಿದ ರೂಪ. ಟಿವಿ ಮತ್ತು ಸೌಂಡ್‌ಬಾರ್ ಎರಡಕ್ಕೂ ಅದರ ಬೆಂಬಲ ಇದ್ದರೆ ಸಾದಾ ಎಆರ್‌ಸಿಯಲ್ಲೂ ದಾಟುತ್ತದೆ. ಬ್ಲೂರೇಯಲ್ಲಿ ಆಟ್ಮಾಸ್ ಇರುವುದು ಟ್ರೂಎಚ್‌ಡಿ ಒಳಗೆ. ಅದಕ್ಕೆ ಇಎಆರ್‌ಸಿಯೇ ಬೇಕು. ಇಲ್ಲವಾದರೆ ಪ್ಲೇಯರನ್ನು ಟಿವಿಗೆ ಹಾಕದೆ ನೇರ ರಿಸೀವರ್‌ಗೇ ಹಾಕಬೇಕು. ಹಾಗೆ ಮಾಡಿದರೆ ಸೌಂಡ್ ವಾಪಸ್ ಬರುವ ಮಾತೇ ಇಲ್ಲ, ಎಆರ್‌ಸಿಯ ಮಿತಿಯೂ ಅಡ್ಡ ಬರುವುದಿಲ್ಲ. ಬರೀ ಮೊಬೈಲ್ ಪ್ಲಾನ್ ಜೊತೆ ಬಂದ ಆ್ಯಪ್‌ಗಳಲ್ಲಿ ಸಿನಿಮಾ ನೋಡುವ ಮನೆಯವರು ಇಎಆರ್‌ಸಿಗೋಸ್ಕರ ಸುಮ್ನೆ ಜಾಸ್ತಿ ದುಡ್ಡು ಸುರಿಯುವುದು ಬೇಡ ಅಂತಲೇ ನನ್ನ ಅಭಿಪ್ರಾಯ.

ಸರಿಯಾದ ಪೋರ್ಟ್‌ಗೆ ಕೇಬಲ್ ಹಾಕಿದ ಮೇಲೂ ಕೆಲಸ ಉಳಿದಿರುತ್ತದೆ. ಸೇಡಂ ರಸ್ತೆ ಕಡೆ ಇರುವ ನಮ್ಮ ಕಾಕಾನ ಮನೆಯಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ ರಿಸೀವರ್ ಇದೆ. ಹೊಸ ಟಿವಿ ಬಂದ ಮೇಲೆ ಮುಂದಿನ ಸ್ಪೀಕರ್‌ಗಳಲ್ಲಿ ಸೌಂಡ್ ಬರುತ್ತಿತ್ತು, ಹಿಂದಿನವು ಮೌನ.

‘ಹಿಂದಿನ ಎರಡೂ ಸುಟ್ಟು ಹೋಗ್ಯಾವ ನೋಡಪ್ಪ, ಬದಲಿ ಮಾಡಬೇಕು’ ಅಂದರು ಕಾಕಾ.

‘ಇಲ್ಲ ಕಾಕಾ, ಸ್ಪೀಕರ್ ಛಂದ ಅವ. ಟಿವಿನೇ ಎರಡು ಚಾನೆಲ್ ಕಳಸ್ತದ’ ಅಂತ ರಿಮೋಟ್ ತಗೊಂಡು ಸೌಂಡ್ ಮೆನು ತೆಗೆದೆ. ಡಿಜಿಟಲ್ ಔಟ್‌ಪುಟ್ ಅನ್ನೋ ಕಡೆ ‘ಪಿಸಿಎಂ’ ಅಂತ ಇತ್ತು. ಪಿಸಿಎಂ ಅಂದರೆ ಟಿವಿ ಸೌಂಡನ್ನು ತಾನೇ ಬಿಚ್ಚಿ ಕುಗ್ಗಿಸದ ರೂಪದಲ್ಲಿ ಕಳಿಸುವುದು. ಸಾದಾ ಎಆರ್‌ಸಿಯಲ್ಲಿ ಆ ರೂಪಕ್ಕೆ ಎರಡೇ ಚಾನೆಲ್‌ಗೆ ಜಾಗ. 5.1 ಸಿನಿಮಾ ಅಲ್ಲೇ 2 ಆಗಿಬಿಡುತ್ತದೆ. ಅದನ್ನು ‘ಪಾಸ್‌ಥ್ರೂ’ಗೆ ಬದಲಿಸಿದೆ. ಕೆಲವು ಟಿವಿಯಲ್ಲಿ ಅದಕ್ಕೆ ‘ಬಿಟ್‌ಸ್ಟ್ರೀಮ್’ ಅಥವಾ ‘ಆಟೊ’ ಅನ್ನುತ್ತಾರೆ. ಸಿನಿಮಾದ ಸೌಂಡನ್ನು ಟಿವಿ ಬಿಚ್ಚದೆ, ಗಂಟು ಹಾಗೇ ದಾಟಿಸುತ್ತದೆ, ಬಿಚ್ಚುವ ಕೆಲಸ ರಿಸೀವರ್‌ದು. ಎರಡು ಸೆಕೆಂಡ್ ಬಿಟ್ಟು ರಿಸೀವರ್‌ನ ಡಿಸ್‌ಪ್ಲೇ ಮೇಲೆ ‘ಪಿಸಿಎಂ’ ಹೋಗಿ ‘ಡಾಲ್ಬಿ ಡಿಜಿಟಲ್’ ಬಂತು, ಹಿಂದಿನ ಸ್ಪೀಕರ್‌ನಲ್ಲಿ ಮಳೆಯ ಸದ್ದು ಶುರುವಾಯಿತು. ಸ್ಪೀಕರ್‌ನಲ್ಲಿ ಏನೇ ಅನುಮಾನ ಬಂದರೂ ಮೊದಲು ಆ ಡಿಸ್‌ಪ್ಲೇ ನೋಡಿ. ಏನು ಒಳಗೆ ಬರುತ್ತಿದೆ ಅಂತ ಅದು ಇದ್ದದ್ದು ಇದ್ದಂಗೆ ಹೇಳುತ್ತದೆ.

ಇನ್ನೊಂದು ಸೆಟಿಂಗ್ ಸಿಇಸಿ. ಒಂದೇ ರಿಮೋಟ್‌ನಲ್ಲಿ ಟಿವಿ, ರಿಸೀವರ್ ಎರಡನ್ನೂ ಆನ್ ಮಾಡುವ, ವಾಲ್ಯೂಮ್ ಏರಿಸಿ ಇಳಿಸುವ ಸೌಕರ್ಯ ಇದರದು. ಬಹಳಷ್ಟು ಟಿವಿಗಳಲ್ಲಿ ಇದು ಆಫ್ ಇದ್ದರೆ ಎಆರ್‌ಸಿಯೂ ಏಳುವುದಿಲ್ಲ. ತೊಂದರೆ ಏನೆಂದರೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಹೆಸರು ಬೇರೆ, ವಸ್ತು ಒಂದೇ.

ಕರೆಂಟ್ ಹೋಗಿ ಬಂದಾಗ ಟಿವಿ, ರಿಸೀವರ್ ನಡುವಿನ ಈ ಮಾತುಕತೆ ಒಮ್ಮೊಮ್ಮೆ ಕಡಿದುಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಇದು ಹೊಸದಲ್ಲ. ಟಿವಿ ಎದ್ದಿರುತ್ತದೆ, ರಿಸೀವರ್ ಇನ್ನೂ ಏಳುತ್ತಿರುತ್ತದೆ, ಎರಡೂ ಒಂದನ್ನೊಂದು ಗುರುತಿಸುವುದಿಲ್ಲ. ಸೌಂಡ್ ಟಿವಿಯ ಸ್ಪೀಕರ್‌ಗೇ ಬಂದು ನಿಲ್ಲುತ್ತದೆ. ಎರಡರ ಪ್ಲಗ್ಗೂ ತೆಗೆದು ಒಂದು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಿಮೋಟ್‌ನಿಂದ ಆಫ್ ಮಾಡಿದರೆ ಸಾಲದು.

ಮಳೆಗಾಲ ಶುರುವಾಗುವ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಇನ್ನಷ್ಟು ಜೋಪಾನ ಬೇಕು. ಮಾಳಿಗೆ ಮೇಲಿನ ಡಿಶ್‌ನಿಂದ ಬರುವ ವೈರು ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಟಿವಿಗೆ, ಟಿವಿಯಿಂದ ರಿಸೀವರ್‌ಗೆ. ಎಲ್ಲವೂ ತಾಮ್ರದಲ್ಲೇ ಸೇರಿಕೊಂಡಿವೆ. ಹತ್ತಿರದಲ್ಲಿ ಸಿಡಿಲು ಹೊಡೆದರೆ ಒಂದರಲ್ಲಿ ನುಗ್ಗಿದ ವಿದ್ಯುತ್ ಉಳಿದವನ್ನೂ ಸುಡಬಹುದು. ಮೋಡ ಕವಿದಾಗಲೇ, ಗುಡುಗು ಶುರುವಾಗುವ ಮುಂಚೆ, ಪ್ಲಗ್ ಜೊತೆ ಡಿಶ್ ವೈರನ್ನೂ ತೆಗೆದಿಡಿ. ಪ್ಲಗ್ ಒಂದೇ ತೆಗೆದು ನಿಶ್ಚಿಂತೆಯಿಂದ ಇರುವವರು ಬಹಳ ಮಂದಿ.

ಆಪ್ಟಿಕಲ್ ಕೇಬಲನ್ನು ಹಳೆಯದು ಅಂತ ಪೂರ್ತಿ ತಳ್ಳಿಹಾಕಬೇಡಿ ಅನ್ನೋದು ಇದೇ ಕಾರಣಕ್ಕೆ. ಅದರಲ್ಲಿ ಹೋಗುವುದು ಬೆಳಕು, ವಿದ್ಯುತ್ ಅಲ್ಲ. ಸ್ಪೀಕರ್‌ನಲ್ಲಿ ಸದಾ ‘ಗುಂಯ್’ ಅಂತ ಸಣ್ಣ ಸದ್ದು ಬರುತ್ತಿದ್ದರೆ, ಅದು ನಮ್ಮ 50 ಹರ್ಟ್ಸ್ ಕರೆಂಟ್‌ನದೇ ದನಿ ಆಗಿರಬಹುದು. ಬೇರೆ ಬೇರೆ ದಾರಿಯಲ್ಲಿ ಅರ್ಥಿಂಗ್ ಆದ ಎರಡು ಸಾಧನಗಳು ಕೇಬಲ್ ಮೂಲಕ ಸೇರಿದಾಗ ಹೀಗಾಗುತ್ತದೆ. ಎರೆ ಮಣ್ಣು ಬಿರುಕು ಬಿಡುವ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯೂ ಒಣಗಿರುತ್ತದೆ, ಅದಕ್ಕೆ ನೀರು ಹಾಕಿಸುವುದು ಹೇಗೂ ಒಳ್ಳೆಯದು. ಟಿವಿ ಮತ್ತು ರಿಸೀವರ್ ನಡುವೆ ಎಚ್‌ಡಿಎಂಐ ತೆಗೆದು ಆಪ್ಟಿಕಲ್ ಹಾಕಿ ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು. ಸಾದಾ ಎಆರ್‌ಸಿ ಇರುವ ಮನೆಯಲ್ಲಿ ಇದರಿಂದ ಆಗುವ ನಷ್ಟ ಕಡಿಮೆ. ಆ್ಯಪ್‌ಗಳ ಆಟ್ಮಾಸ್ ಹೋಗುತ್ತದೆ, ಸಿಇಸಿ ಹೋಗುತ್ತದೆ, 5.1 ಉಳಿಯುತ್ತದೆ.

ಎಚ್‌ಡಿಎಂಐ ಪೋರ್ಟೇ ಇಲ್ಲದ ಹಳೆಯ 5.1 ಸೆಟ್‌ಗಳು ನಮ್ಮಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಗಟ್ಟಿಯಾಗಿ ಬಾರಿಸುತ್ತಿವೆ. ಅವನ್ನು ಬಿಸಾಡುವ ಕಾರಣ ನನಗಂತೂ ಕಾಣುವುದಿಲ್ಲ. ಅವುಗಳ ಹಿಂದೆ ಆರು ಆರ್‌ಸಿಎ ಸಾಕೆಟ್ (ಬಣ್ಣದ ದುಂಡು ಪಿನ್ ಹಾಕುವ ತೂತು) ಇದ್ದರೆ, ನಡುವೆ ಸೌಂಡನ್ನು ಬಿಚ್ಚಿಕೊಡುವ ಒಂದು ಸಣ್ಣ 5.1 ಡಿಕೋಡರ್ ಡಬ್ಬಿ ಇಟ್ಟು ಟಿವಿಯ ಆಪ್ಟಿಕಲ್ ಅಥವಾ ಎಆರ್‌ಸಿಯನ್ನು ಅದಕ್ಕೆ ಕೊಡಬಹುದು. ಬರೀ ಕೆಂಪು-ಬಿಳಿ ಎರಡೇ ಇದ್ದರೆ ಟಿವಿಯ ಹೆಡ್‌ಫೋನ್ ಸಾಕೆಟ್ ಸಾಕು, ಎರಡು ಚಾನೆಲ್ ಸಿಗುತ್ತದೆ.

ಕೇಬಲ್ ವಿಷಯ. ಎಆರ್‌ಸಿಗೆ ಮನೆಯಲ್ಲಿರುವ ಸಾದಾ ಎಚ್‌ಡಿಎಂಐ ಕೇಬಲ್ ನಡೆಯುತ್ತದೆ. ಇಎಆರ್‌ಸಿಗೆ ‘ಹೈ ಸ್ಪೀಡ್ ವಿತ್ ಈಥರ್‌ನೆಟ್’ ಅಥವಾ ‘ಅಲ್ಟ್ರಾ ಹೈ ಸ್ಪೀಡ್’ ಅಂತ ಬರೆದದ್ದು ತಗೊಳ್ಳಿ. ಬಂಗಾರದ ಲೇಪ ಅಂತ ಹೇಳಿ ಮೂರು ಪಟ್ಟು ರೇಟ್ ಹೇಳಿದರೆ ಬೇಡ ಅನ್ನಿ. ಡಿಜಿಟಲ್ ಸೌಂಡ್ ಸರಿಯಾಗಿ ತಲುಪಿದರೆ ಆಯಿತು, ಬಂಗಾರದಿಂದ ಅದರ ರುಚಿ ಹೆಚ್ಚುವುದಿಲ್ಲ. ಹೊಸ ಮನೆ ಕಟ್ಟಿಸುತ್ತಿದ್ದರೆ ಕೇಬಲನ್ನು ಗೋಡೆಯೊಳಗೆ ಹೂತು ಪ್ಲಾಸ್ಟರ್ ಮಾಡಿಸಬೇಡಿ. ಎಚ್‌ಡಿಎಂಐ ಪ್ಲಗ್ ಸಲೀಸಾಗಿ ದಾಟುವಷ್ಟು ಅಗಲದ ಪೈಪ್ ಹಾಕಿಸಿ, ಒಳಗೆ ಒಂದು ದಾರ ಬಿಡಿಸಿ. ನಾಳೆ ಬೇರೆ ಕೇಬಲ್ ಬೇಕಾದಾಗ ಆ ದಾರಕ್ಕೆ ಕಟ್ಟಿ ಎಳೆದರೆ ಮುಗಿಯಿತು, ಗೋಡೆ ಒಡೆಯುವುದು ತಪ್ಪುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಖರೀದಿಗೆ ಹೋದಾಗ ಡಬ್ಬಿಯ ಮೇಲಿನ ಬರಹ ನೋಡಿ ಸುಮ್ಮನಾಗಬೇಡಿ. ಟಿವಿಯನ್ನು ತಿರುಗಿಸಿ ಪೋರ್ಟ್ ಪಕ್ಕದ ಅಕ್ಷರ ಓದಿ. ಇಎಆರ್‌ಸಿ ಕೆಲಸ ಮಾಡಲು ಟಿವಿ, ಸೌಂಡ್‌ಬಾರ್ ಎರಡರಲ್ಲೂ ಅದು ಇರಬೇಕು. ಒಂದರಲ್ಲಿ ಮಾತ್ರ ಇದ್ದರೆ ಸಾಮಾನ್ಯವಾಗಿ ಸಾದಾ ಎಆರ್‌ಸಿಯಾಗಿ ನಡೆಯುತ್ತದೆ. ಸಾಧ್ಯವಾದರೆ ಅಂಗಡಿಯಲ್ಲೇ ಎರಡನ್ನೂ ಜೋಡಿಸಿ, ನೀವು ಮನೆಯಲ್ಲಿ ದಿನಾ ನೋಡುವ ಆ್ಯಪ್ ಹಾಕಿಸಿ ಕೇಳಿ. ಮಾತು ತುಟಿಗಿಂತ ಮೊದಲೇ ಬರುತ್ತಿದ್ದರೆ ಚಿಂತೆ ಇಲ್ಲ, ಸೌಂಡ್ ತಡಮಾಡುವ ಸೆಟಿಂಗ್ ರಿಸೀವರ್‌ಗಳಲ್ಲಿ, ಎಷ್ಟೋ ಸೌಂಡ್‌ಬಾರ್‌ಗಳಲ್ಲಿ ಇರುತ್ತದೆ. ತುಟಿ ಅಲುಗಾಡಿದ ಮೇಲೆ ಮಾತು ಕೇಳುತ್ತಿದ್ದರೆ, ಪಾಸ್‌ಥ್ರೂಗೆ ಹಾಕಿದ ಮೇಲೂ ಹಾಗೇ ಇದ್ದರೆ, ಆ ಜೋಡಿ ಬಿಟ್ಟು ಬೇರೆ ನೋಡಿ. ಸೌಂಡನ್ನು ತಡಮಾಡಬಹುದು, ಮುಂದಕ್ಕೆ ಓಡಿಸಲು ಬರುವುದಿಲ್ಲ.