ಉಚಿತವಾಗಿ ಊಟ ಕೊಟ್ಟರೆ ಜನ ಪರಾವಲಂಬಿಗಳಾಗುವುದಿಲ್ಲವೇ?

ಓದುಗರ ಪ್ರಶ್ನೆ: ಸುತ್ತಮುತ್ತಲಿನ ಜನರಿಗೆ ಊಟ ಮತ್ತು ದಿನಸಿ ಹಂಚುವ, ಜೊತೆಗೆ ಅಡುಗೆ, ಕೈತೋಟದಂಥ ಕೆಲಸಗಳನ್ನು ಕಲಿಸುವ ಸಮುದಾಯ ಸಂಸ್ಥೆಯೊಂದಕ್ಕೆ ನೆರವಾಗಬೇಕೆಂದಿದ್ದೇನೆ. ಆದರೆ ಬಿಟ್ಟಿ ಅನ್ನ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ, ಅವರು ಕೈಚಾಚುವುದನ್ನೇ ರೂಢಿಸಿಕೊಳ್ಳುತ್ತಾರೆ ಎಂದು ಮನೆಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಈ ಅನುಮಾನ ಬಹಳ ಹಳೆಯದು. ಇದನ್ನು ಕೇಳುವವರಲ್ಲಿ ಹೆಚ್ಚಿನವರು ಕಲ್ಲು ಮನಸ್ಸಿನವರೂ ಅಲ್ಲ. ತಾವು ಕೊಟ್ಟದ್ದು ಇನ್ನೊಬ್ಬರಿಗೆ ಕೇಡಾಗಬಾರದೆಂಬ ಕಾಳಜಿಯೂ ಅದರಲ್ಲಿ ಇರುತ್ತದೆ. ಆದ್ದರಿಂದ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಸಿದವರು ಹೊಟ್ಟೆ ತುಂಬ ಉಂಡದ್ದರಿಂದ ಸೋಮಾರಿಗಳಾಗುತ್ತಾರೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಆದರೆ ಉಣ್ಣುವವರನ್ನು ಹಂಗಿನಲ್ಲಿ ಇರಿಸುವ ರೀತಿಯಲ್ಲಿ ಊಟ ಕೊಡುವುದು ಸಾಧ್ಯವಿದೆ, ಮತ್ತು ಹಾಗೆ ಕೊಡುವ ಕಡೆಗಳಲ್ಲಿ ನಿಮ್ಮ ಮನೆಯವರ ಮಾತಿಗೆ ಸ್ವಲ್ಪ ಅರ್ಥ ಬರುತ್ತದೆ. ನೀವು ನೆರವಾಗಬೇಕೆಂದಿರುವ ಸಂಸ್ಥೆ ಇವೆರಡರಲ್ಲಿ ಯಾವ ಬಗೆಯದು ಎಂದು ಗುರುತಿಸುವುದು ಕಷ್ಟವಲ್ಲ. ಅದಕ್ಕೆ ಕೆಳಗಿನ ವಿವರ ಸಹಾಯವಾಗಬಹುದು.

ಮೊದಲು ಸೋಮಾರಿತನದ ವಿಚಾರ. ಬಡವರಿಗೆ ಸರ್ಕಾರಗಳು ನೇರವಾಗಿ ಹಣ ಕೊಟ್ಟಾಗ ಅವರು ದುಡಿಯುವುದನ್ನು ಕಡಿಮೆ ಮಾಡುತ್ತಾರೆಯೇ ಎಂದು ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಮೂವರು ಸಹೋದ್ಯೋಗಿಗಳು 6 ದೇಶಗಳಲ್ಲಿ ನಡೆದಿದ್ದ 7 ಪ್ರಯೋಗಗಳ ಅಂಕಿಅಂಶಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಂಥ ಪರಿಣಾಮ ಎದ್ದು ಕಾಣಲಿಲ್ಲ. ಅದು ಹಣದ ಮಾತು, ಊಟದ್ದಲ್ಲ ಎಂದು ನೀವು ಹೇಳಬಹುದು. ಆದರೆ ಏನು ಬೇಕಾದರೂ ಕೊಳ್ಳಬಹುದಾದ ಹಣ ಕೈಗೆ ಬಂದಾಗಲೂ ಕೆಲಸ ಬಿಡದ ಜನ ಒಂದು ತಟ್ಟೆ ಊಟಕ್ಕಾಗಿ, ಅದೂ ಸರತಿಯಲ್ಲಿ ನಿಂತು ನಾಲ್ಕು ಜನರ ಕಣ್ಣಿಗೆ ಬಿದ್ದು ಪಡೆಯಬೇಕಾದ ಊಟಕ್ಕಾಗಿ, ದುಡಿಮೆ ಬಿಡುತ್ತಾರೆಂದು ನಂಬುವುದು ನನಗೆ ಕಷ್ಟ.

ಈ ಭಯಕ್ಕೆ ಜನ ಪ್ರಾಣದ ಬೆಲೆ ತೆತ್ತ ಉದಾಹರಣೆಯೂ ಇತಿಹಾಸದಲ್ಲಿದೆ. ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಮಹಾಕ್ಷಾಮ ಬಂದಾಗ, 1847ರಲ್ಲಿ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ಕಾಯ್ದೆಯೊಂದನ್ನು ತಂದು ಸ್ಥಳೀಯ ಪರಿಹಾರ ಸಮಿತಿಗಳ ಮೂಲಕ ಗಂಜಿ ಕೇಂದ್ರಗಳನ್ನು ತೆರೆಯಿತು. ಆ ವರ್ಷದ ಜುಲೈ ಹೊತ್ತಿಗೆ ಅಲ್ಲಿ ದಿನಕ್ಕೆ 30 ಲಕ್ಷ ಜನ ಉಣ್ಣುತ್ತಿದ್ದರು. ಅಷ್ಟು ದೊಡ್ಡ ಕೆಲಸ ಕೆಲವೇ ತಿಂಗಳಲ್ಲಿ ಸಾಧ್ಯವಾಗಿದ್ದೇ ಒಂದು ಅಚ್ಚರಿ. ಆದರೂ ಬೇಸಿಗೆ ಮುಗಿಯುತ್ತಿದ್ದಂತೆ ಆ ಕೇಂದ್ರಗಳನ್ನು ಮುಚ್ಚಿ, ಹಸಿದವರನ್ನು ದುಡಿಮೆ ಮನೆಗಳತ್ತ, ಅಂದರೆ ಗತಿಯಿಲ್ಲದವರನ್ನು ಒಳಗೆ ಇರಿಸಿ ದುಡಿಸಿ ಅನ್ನ ಹಾಕುತ್ತಿದ್ದ ಕಡೆಗೆ, ಕಳುಹಿಸಲಾಯಿತು. ಆ ವರ್ಷ ಬೆಳೆಗೆ ರೋಗ ಅಷ್ಟಾಗಿ ತಗುಲಲಿಲ್ಲವೆಂಬುದು ಒಂದು ಕಾರಣವಾದರೆ, ಉಚಿತ ನೆರವು ಜನರನ್ನು ಕೆಡಿಸುತ್ತದೆಂಬ ಆಗಿನ ಆಡಳಿತಗಾರರ ನಂಬಿಕೆ ಇನ್ನೊಂದು. ದುಡಿಮೆ ಮನೆಯೊಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತಲೂ ಕೀಳಾಗಿರಬೇಕು, ಆಗ ಮಾತ್ರ ನಿಜವಾಗಿ ಗತಿಯಿಲ್ಲದವರು ಬರುತ್ತಾರೆ ಎಂಬುದು 1834ರ ಇಂಗ್ಲೆಂಡಿನ ಬಡವರ ಕಾನೂನಿನ ಹಿಂದಿದ್ದ ತತ್ವ. ಕ್ಷಾಮ ಮಾತ್ರ ಮುಂದೆಯೂ ಕೆಲವು ವರ್ಷ ನಡೆಯಿತು. ಒಟ್ಟು ಸುಮಾರು 10 ಲಕ್ಷ ಜನ ಸತ್ತರು. ಪರಾವಲಂಬನೆಯ ಮಾತು ಬಂದಾಗಲೆಲ್ಲ ನನಗೆ ಆ ಮುಚ್ಚಿದ ಗಂಜಿ ಕೇಂದ್ರಗಳು ನೆನಪಾಗುತ್ತವೆ.

ಈಗಿನ ಸಂಸ್ಥೆಗಳ ಕಡೆಗೆ ಬರೋಣ. ಹೆಸರು ಏನೇ ಇರಲಿ, ಇವುಗಳ ಕೆಲಸ ಸ್ಥೂಲವಾಗಿ ಮೂರು ಬಗೆಯದು. ಕೆಲವು ಮಿಕ್ಕಿದ ಅಥವಾ ದಾನವಾಗಿ ಬಂದ ಆಹಾರವನ್ನು ಉಗ್ರಾಣದಲ್ಲಿ ಕೂಡಿಟ್ಟು ಹಂಚುವ ಆಹಾರ ಬ್ಯಾಂಕುಗಳು. ಕೆಲವು ಬೇಯಿಸಿ ಬಡಿಸುವ ಸಮುದಾಯ ಅಡುಗೆಮನೆಗಳು. ಇನ್ನು ಕೆಲವು ಬೆಳೆಯುವುದನ್ನೂ ಬೇಯಿಸುವುದನ್ನೂ ಕಲಿಸುವ ಕೇಂದ್ರಗಳು. ಒಂದೇ ಸೂರಿನಡಿ ಮೂರೂ ನಡೆಯುವುದುಂಟು.

ಮೊದಲ ಆಹಾರ ಬ್ಯಾಂಕ್ ಎಂದು ಸಾಮಾನ್ಯವಾಗಿ ಹೆಸರಿಸಲಾಗುವುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಆರಂಭವಾದ ಸೇಂಟ್ ಮೇರೀಸ್ ಫುಡ್ ಬ್ಯಾಂಕ್. ಅದನ್ನು ಕಟ್ಟಿದ ಜಾನ್ ವ್ಯಾನ್ ಹೆಂಗೆಲ್ ಬಡವರಿಗೆ ಊಟ ನೀಡುವ ಕೇಂದ್ರವೊಂದರಲ್ಲಿ ಸ್ವಯಂಸೇವಕರಾಗಿದ್ದರು. ಅಂಗಡಿಗಳ ಹಿಂದಿನ ಕಸದ ತೊಟ್ಟಿಗಳಲ್ಲಿ ತಿನ್ನಲು ಯೋಗ್ಯವಾದದ್ದನ್ನು ಹುಡುಕಿ ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು, ಬೇಡವಾದ ಆಹಾರವನ್ನು ಹಾಕುವವರು ಹಾಕಿ ಬೇಕಾದವರು ತೆಗೆದುಕೊಳ್ಳುವಂಥ ಬ್ಯಾಂಕ್ ಇರಬೇಕೆಂದು ತಮಗೆ ಹೇಳಿದಳೆಂದು ಅವರು ನೆನೆಯುತ್ತಿದ್ದರು. ಬ್ರಿಟನ್ನಿನ ಟ್ರಸ್ಸೆಲ್ ಸಂಸ್ಥೆಯ ಕಥೆಯೂ ಇದಕ್ಕೆ ಹತ್ತಿರದ್ದು. 1997ರಲ್ಲಿ ಶುರುವಾದ ಆ ಸಂಸ್ಥೆಯವರು ಆರಂಭದಲ್ಲಿ ಬಲ್ಗೇರಿಯಾದ ಮಕ್ಕಳಿಗಾಗಿ ದುಡಿಯುತ್ತಿದ್ದರು. ತಮ್ಮದೇ ಊರಾದ ಸಾಲ್ಸ್‌ಬರಿಯ ತಾಯಿಯೊಬ್ಬಳು, ಈ ರಾತ್ರಿ ನನ್ನ ಮಕ್ಕಳು ಹಸಿದು ಮಲಗುತ್ತಾರೆ, ಅದಕ್ಕೇನು ಮಾಡುತ್ತೀರಿ ಎಂದು ಕೇಳಿದ ಮೇಲೆ, 2000ದಲ್ಲಿ ಅಲ್ಲೇ ಆಹಾರ ಬ್ಯಾಂಕ್ ತೆರೆದರು. ಈ ಎರಡೂ ಸಂಗತಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದೇ ಅಂಶ: ದಾರಿ ತೋರಿಸಿದವರು ಹಸಿದವರೇ. ದಾನಿಗಳು ಅದಕ್ಕೆ ಕಿವಿಗೊಟ್ಟರು.

ಕಿವಿಗೊಡುವುದು ನಿಂತಾಗ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಎಲ್ಲರಿಗೂ ಒಂದೇ ಬಗೆಯ ಚೀಲ ಕಟ್ಟಿಕೊಡುವ ಪದ್ಧತಿಯನ್ನೇ ನೋಡಿ. ಸಕ್ಕರೆ ಕಾಯಿಲೆಯವರ ಚೀಲದಲ್ಲಿ ಸಿಹಿ ಇರುತ್ತದೆ. ಒಲೆಯೇ ಇಲ್ಲದ ಕೋಣೆಯಲ್ಲಿ ವಾಸಿಸುವವರ ಚೀಲದಲ್ಲಿ ಗಂಟೆಗಟ್ಟಲೆ ಬೇಯಬೇಕಾದ ಕಾಳು ಇರುತ್ತದೆ. ಡಬ್ಬಿ ತೆರೆಯುವ ಸಾಧನವಿಲ್ಲದವರಿಗೆ ಡಬ್ಬಿಯ ಆಹಾರ ಸಿಗುತ್ತದೆ. ಪಡೆದವರು ಬಾಯಿ ಬಿಟ್ಟು ಬೇಡ ಎನ್ನುವಂತಿಲ್ಲ, ಏಕೆಂದರೆ ಬಿಟ್ಟಿ ಬಂದದ್ದಕ್ಕೆ ಹೆಸರಿಡುತ್ತಾರೆಂಬ ಮಾತು ಬರುತ್ತದೆ. ಹಂಗು ಎಂದರೆ ಇದೇ. ಅದಕ್ಕೆ ಬದಲಾಗಿ ಪದಾರ್ಥಗಳನ್ನು ಅಂಗಡಿಯಂತೆ ಕಪಾಟಿನಲ್ಲಿ ಜೋಡಿಸಿ, ಮನೆಗೆ ಬೇಕಾದದ್ದನ್ನು ಬಂದವರೇ ಆರಿಸಿಕೊಳ್ಳಲು ಬಿಡುವ ಪದ್ಧತಿಯನ್ನು ಈಗ ಅನೇಕ ಆಹಾರ ಬ್ಯಾಂಕುಗಳು ಅನುಸರಿಸುತ್ತವೆ. ಬೇಡವಾದದ್ದು ಕಪಾಟಿನಲ್ಲೇ ಉಳಿಯುವುದರಿಂದ ಅಲ್ಲಿ ಹಾಳಾಗುವುದೂ ಕಡಿಮೆ. ಸಂಸ್ಥೆಗಳ ಮಟ್ಟದಲ್ಲೂ ಇದೇ ಪಾಠ ದೊರೆತಿದೆ. ಅಮೆರಿಕದ ಆಹಾರ ಬ್ಯಾಂಕುಗಳ ರಾಷ್ಟ್ರೀಯ ಒಕ್ಕೂಟವು ಹಿಂದೆ ದಾನವಾಗಿ ಬಂದ ಸರಕನ್ನು ಸರತಿಯ ಪ್ರಕಾರ ಹಂಚುತ್ತಿದ್ದುದರಿಂದ, ಆಲೂಗಡ್ಡೆ ಯಥೇಚ್ಛವಾಗಿ ಬೆಳೆಯುವ ಪ್ರದೇಶಕ್ಕೇ ಮತ್ತೆ ಆಲೂಗಡ್ಡೆ ಕೊಡಲು ಮುಂದಾಗುವಂಥ ವಿಪರೀತಗಳಿಗೆ ಅವಕಾಶವಿತ್ತು. 2005ರಲ್ಲಿ ಪ್ರತಿ ಬ್ಯಾಂಕಿಗೂ ಅದರ ಅಗತ್ಯಕ್ಕೆ ತಕ್ಕಷ್ಟು ಅಂಕಗಳನ್ನು ಕೊಟ್ಟು, ಅವುಗಳಿಂದ ತನಗೆ ಬೇಕಾದ ಸರಕನ್ನು ಹರಾಜಿನಲ್ಲಿ ಕೂಗಿ ಪಡೆಯುವ ವ್ಯವಸ್ಥೆ ತಂದ ಮೇಲೆ ಹಂಚಿಕೆ ಸುಧಾರಿಸಿತು.

ಹಂಗಿಲ್ಲದ ಊಟ ಹೇಗಿರುತ್ತದೆಂದು ತಿಳಿಯಲು ಪೆರು ದೇಶದ ರಾಜಧಾನಿ ಲಿಮಾದ ಬಡ ಬಡಾವಣೆಗಳನ್ನು ನೋಡಬೇಕು. ಅಲ್ಲಿ 1970ರ ದಶಕದ ಕೊನೆಯಲ್ಲಿ ಹೆಂಗಸರು ಕೂಡಿ ಕಟ್ಟಿದ ಜನತಾ ಅಡುಗೆಮನೆಗಳಿಗೆ ‘ಕೊಮೆದೋರೆಸ್ ಪೊಪುಲಾರೆಸ್’ ಎಂದು ಹೆಸರು. ಸದಸ್ಯರು ಸರದಿಯ ಮೇಲೆ ಅಡುಗೆ ಮಾಡುತ್ತಾರೆ, ಸಾಮಾನನ್ನು ಸಗಟಾಗಿ ತರುತ್ತಾರೆ, ಹತ್ತಾರು ಒಲೆಗಳ ಬದಲು ಒಂದೇ ಕಡೆ ಉರಿ ಹಾಕುತ್ತಾರೆ. ಊಟಕ್ಕೆ ಸಣ್ಣ ಮೊತ್ತವೊಂದನ್ನು ನಿಗದಿ ಮಾಡಿ, ರೋಗಿಗಳು, ದಿಕ್ಕಿಲ್ಲದ ವೃದ್ಧರು ಮೊದಲಾದ ತೀರಾ ಕಷ್ಟದಲ್ಲಿರುವವರಿಗೆ ಉಚಿತವಾಗಿ ಬಡಿಸುತ್ತಾರೆ. ಯಾರು ಅಂಥವರು ಎಂದು ತೀರ್ಮಾನಿಸುವವರು ಅದೇ ಬೀದಿಯ ಹೆಂಗಸರು. 1990ರ ಆಗಸ್ಟ್‌ನಲ್ಲಿ ಸರ್ಕಾರದ ಆರ್ಥಿಕ ಕ್ರಮಗಳಿಂದ ಬೆಲೆಗಳು ಏಕಾಏಕಿ ಗಗನಕ್ಕೇರಿದಾಗ ಅಸಂಖ್ಯ ಕುಟುಂಬಗಳು ಈ ಅಡುಗೆಮನೆಗಳಿಂದಲೇ ದಿನ ದೂಡಿದವು. ವಿಲ್ಲಾ ಎಲ್ ಸಾಲ್ವಡಾರ್ ಬಡಾವಣೆಯಲ್ಲಿ ಮಹಿಳಾ ಒಕ್ಕೂಟವನ್ನು ಮುನ್ನಡೆಸಿ, ಇಂಥ ಅಡುಗೆಮನೆಗಳಿಗಾಗಿಯೂ ಮಕ್ಕಳ ಹಾಲಿನ ಯೋಜನೆಗಾಗಿಯೂ ದುಡಿದ ಮರಿಯಾ ಎಲೇನಾ ಮೊಯಾನೊ ಅವರನ್ನು 1992ರ ಫೆಬ್ರುವರಿ 15ರಂದು ‘ಶೈನಿಂಗ್ ಪಾಥ್’ ಬಂಡುಕೋರರು ಕೊಂದರು. ಜನ ತಾವಾಗಿಯೇ ಒಟ್ಟುಗೂಡಿ ಅನ್ನದ ದಾರಿ ಮಾಡಿಕೊಳ್ಳುವುದು ಶಸ್ತ್ರ ಹಿಡಿದವರಿಗೂ ಸಹಿಸಲಾಗದಷ್ಟು ದೊಡ್ಡ ಶಕ್ತಿಯಾಗಿತ್ತು. ಈ ಹೆಂಗಸರನ್ನು ಪರಾವಲಂಬಿಗಳೆಂದು ಕರೆಯಲು ಯಾರಿಗಾದರೂ ನಾಲಿಗೆ ಏಳುವುದೇ?

ಇನ್ನು ಕಲಿಸುವ ವಿಷಯ. ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ಎಚ್ಚರಿಸಬೇಕು. ಬಡವರಿಗೆ ಅಡುಗೆ ಬಾರದು, ಲೆಕ್ಕಾಚಾರ ತಿಳಿಯದು, ಆದ್ದರಿಂದ ಹಸಿದಿದ್ದಾರೆ ಎಂಬ ಊಹೆಯ ಮೇಲೆ ತರಗತಿ ನಡೆಸುವ ಸಂಸ್ಥೆಗಳಿವೆ. ಕೆನಡಾದ ಸಂಶೋಧಕರು ರಾಷ್ಟ್ರಮಟ್ಟದ ಸಮೀಕ್ಷೆಯ ಮಾಹಿತಿಯನ್ನು ಇಟ್ಟುಕೊಂಡು ನೋಡಿದಾಗ, ಊಟಕ್ಕೆ ತತ್ವಾರವಿರುವ ಮನೆಗಳಿಗೂ ಅಡುಗೆಯ ಕೌಶಲಕ್ಕೂ, ಕೈತೋಟ ಇರುವುದಕ್ಕೂ ಸಂಬಂಧ ಕಾಣಲಿಲ್ಲ. ಹಸಿವಿನ ಮೂಲ ಆದಾಯದ ಕೊರತೆಯಲ್ಲಿತ್ತು. ಕಡಿಮೆ ಹಣದಲ್ಲಿ ಸಂಸಾರ ತೂಗಿಸಿದವರಿಗೆ ಉಳಿತಾಯದ ಪಾಠ ಹೇಳುವುದು ನೋವಿನ ಮೇಲೆ ಅವಮಾನ. ಹಾಗಾದರೆ ಕಲಿಸುವುದೇ ತಪ್ಪೇ ಎಂದರೆ ಅಲ್ಲ, ಏನನ್ನು ಮತ್ತು ಯಾಕೆ ಕಲಿಸುತ್ತಾರೆಂಬುದು ಮುಖ್ಯ. ಕೈಗೆ ಕೆಲಸ ಕೊಡುವ ವಿದ್ಯೆ, ಹೊಸದಾಗಿ ಬಂದ ಕಾಯಿಲೆಗೆ ತಕ್ಕಂತೆ ಅಡುಗೆ ಬದಲಿಸಿಕೊಳ್ಳುವ ತಿಳಿವಳಿಕೆ, ಸರ್ಕಾರದಿಂದ ತನಗೆ ಬರಬೇಕಾದದ್ದನ್ನು ಕೇಳಿ ಪಡೆಯುವ ಬಗೆ, ಇವನ್ನು ಯಾರೂ ಬೇಡ ಎನ್ನುವುದಿಲ್ಲ.

ವಾಷಿಂಗ್ಟನ್ ನಗರದ ಡಿಸಿ ಸೆಂಟ್ರಲ್ ಕಿಚನ್ ಇದಕ್ಕೆ ಒಳ್ಳೆಯ ಉದಾಹರಣೆ. 1989ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಅವರ ಪದಗ್ರಹಣದ ಔತಣಗಳಲ್ಲಿ ಉಳಿದ ಆಹಾರವನ್ನು ಸಂಗ್ರಹಿಸಿ ಹಂಚುವುದರೊಂದಿಗೆ ರಾಬರ್ಟ್ ಎಗ್ಗರ್ ಅದನ್ನು ಆರಂಭಿಸಿದರು. ಉಳಿದದ್ದನ್ನು ಸಾಗಿಸುವಷ್ಟಕ್ಕೆ ಅವರು ನಿಲ್ಲಲಿಲ್ಲ. ನಿರುದ್ಯೋಗಿಗಳಿಗೆ, ವಸತಿಯಿಲ್ಲದವರಿಗೆ, ಸೆರೆಮನೆಯಿಂದ ಹೊರಬಂದವರಿಗೆ ಅಲ್ಲಿ ವೃತ್ತಿಪರ ಅಡುಗೆಯ ತರಬೇತಿ ಸಿಗುತ್ತದೆ, ಮತ್ತು ಕಲಿಯುತ್ತಲೇ ಅವರು ಸಿದ್ಧಪಡಿಸುವ ಊಟ ನಿರಾಶ್ರಿತರ ತಂಗುದಾಣಗಳಿಗೆ ಹೋಗುತ್ತದೆ. ನಿನ್ನೆಯವರೆಗೆ ತಟ್ಟೆ ಹಿಡಿದು ನಿಂತವನು ಇಂದು ಅದೇ ಸಾಲಿಗೆ ಬಡಿಸುವ ಅಡುಗೆಯವನಾಗುವ ದಾರಿ ಅಲ್ಲಿ ತೆರೆದಿದೆ. ಕೆನಡಾದ ಟೊರಾಂಟೊದಲ್ಲಿರುವ ‘ದಿ ಸ್ಟಾಪ್’ ಕೂಡ ಆಹಾರ ಬ್ಯಾಂಕಾಗಿ ಹುಟ್ಟಿ, ಕ್ರಮೇಣ ಕೈತೋಟ, ಸಾಮೂಹಿಕ ಅಡುಗೆ, ಹಕ್ಕುಗಳ ಬಗ್ಗೆ ಸಲಹೆ ಎಲ್ಲವೂ ಇರುವ ಸಮುದಾಯ ಆಹಾರ ಕೇಂದ್ರವಾಗಿ ಬೆಳೆಯಿತು. ಅದೇ ಮಾದರಿಯನ್ನು ಬೇರೆ ಊರುಗಳಿಗೆ ಒಯ್ಯಲು 2012ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿಕೊಂಡಿತು. ಕೈತೋಟದ ಬಗ್ಗೆ ಒಂದೇ ಮಾತು: ಅದರಿಂದ ಸಿಗುವ ತರಕಾರಿ ಕುಟುಂಬದ ಹೊಟ್ಟೆ ತುಂಬಿಸುವಷ್ಟಿರುವುದಿಲ್ಲ, ಆದರೆ ಒಂಟಿಯಾಗಿ ಬದುಕುವವರಿಗೆ ಅದರಿಂದ ಸಿಗುವ ಜೊತೆಯನ್ನು ಅಲ್ಪವೆಂದು ಎಣಿಸಬಾರದು.

ಪರಾವಲಂಬನೆ ಎಲ್ಲಿದೆ ಎಂದು ಹುಡುಕಲೇಬೇಕಾದರೆ, ಉಣ್ಣುವವರ ಆಚೆಗೂ ನೋಡಬೇಕೆಂದು ನನಗೆ ಅನಿಸುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. 2023ರಲ್ಲಿ ಹಸಿವಿನಿಂದ ಬಳಲಿದವರು 71ರಿಂದ 76 ಕೋಟಿ ಜನ ಎಂಬುದು ಅದೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮೊದಲಾದವುಗಳ ಲೆಕ್ಕ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ, ಮಿಕ್ಕದ್ದನ್ನು ಹಸಿದವರಿಗೆ ಸಾಗಿಸಿದರೆ ಸಾಕೆಂಬ ಆಸೆ ಮೂಡುತ್ತದೆ. ಸಾಗಿಸುವುದು ಒಳ್ಳೆಯದೇ, ಫ್ರಾನ್ಸ್ 2016ರಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳು ತಿನ್ನಲು ಯೋಗ್ಯವಾದ ಆಹಾರವನ್ನು ಬೇಕೆಂದೇ ಹಾಳುಮಾಡುವುದನ್ನು ಕಾನೂನಿನಿಂದ ನಿಷೇಧಿಸಿದ್ದು ಮೆಚ್ಚತಕ್ಕ ಕ್ರಮ. ಆದರೆ ಮಿಕ್ಕದ್ದನ್ನೇ ನಂಬಿದ ಅಡುಗೆಮನೆಗೆ ಮಿಗದ ದಿನ ಅಡುಗೆಯಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಹೇಗೂ ಸಂಘಸಂಸ್ಥೆಗಳು ಉಣಿಸುತ್ತಿವೆಯಲ್ಲ ಎಂದು ಸರ್ಕಾರಗಳು ತಮ್ಮ ಹೊಣೆಯನ್ನು ಹಗುರ ಮಾಡಿಕೊಳ್ಳುವುದು. ಟ್ರಸ್ಸೆಲ್ ಜಾಲದ ಬ್ಯಾಂಕುಗಳು ವೈದ್ಯರು, ಶಾಲೆಗಳು, ಸಮಾಜ ಕಾರ್ಯಕರ್ತರು ಚೀಟಿ ಕೊಟ್ಟು ಕಳುಹಿಸಿದವರಿಗೆ ಮೂರು ದಿನಗಳ ತುರ್ತು ಆಹಾರ ಕೊಡುತ್ತ ಬಂದಿವೆ. ತಮ್ಮ ಅಗತ್ಯವೇ ಇಲ್ಲದಂಥ ದಿನ ಬರಬೇಕೆಂಬುದನ್ನು ಆ ಸಂಸ್ಥೆ ತನ್ನ ಗುರಿಯಾಗಿ ಬಹಿರಂಗವಾಗಿ ಸಾರಿದೆ. ಇಂಥ ಗುರಿಯನ್ನು ಇಟ್ಟುಕೊಂಡವರ ಮೇಲೆ ನನಗೆ ನಂಬಿಕೆ ಹೆಚ್ಚು.

ಹಾಗಾಗಿ ಹಣ ಕೊಡುವ ಮುನ್ನ ನೀವು ಆರಿಸಿಕೊಂಡಿರುವ ಸಂಸ್ಥೆಗೆ ಒಮ್ಮೆ ಹೋಗಿ, ಎಲ್ಲರ ಜೊತೆ ಊಟಕ್ಕೆ ಕುಳಿತುಕೊಳ್ಳಿ. ಬಡಿಸುವವರೂ ಅದನ್ನೇ ಉಣ್ಣುತ್ತಾರೆಯೇ, ಊಟಕ್ಕೆ ಬಂದವರಲ್ಲಿ ಯಾರಾದರೂ ಅಡುಗೆಗೆ, ಲೆಕ್ಕಕ್ಕೆ, ಆಡಳಿತ ಸಮಿತಿಗೆ ಸೇರಿದ್ದಾರೆಯೇ, ನಾಳೆಯ ಅಡುಗೆ ಏನೆಂದು ತೀರ್ಮಾನಿಸುವವರು ಯಾರು ಎಂದು ವಿಚಾರಿಸಿ. ಬಂದವರನ್ನು ಕೇಳದೆ ಫೋಟೊ ತೆಗೆದು ದಾನಿಗಳಿಗೆ ಕಳುಹಿಸುವ ಅಭ್ಯಾಸ ಅಲ್ಲಿದ್ದರೆ ನಾನಾದರೆ ಹಿಂದೆ ಸರಿಯುತ್ತೇನೆ. ಬೆಂದ ಆಹಾರವನ್ನು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿ ಅಥವಾ 5 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಇಡುತ್ತಾರೆಯೇ ಎಂಬುದನ್ನೂ ನೋಡಿ, ಏಕೆಂದರೆ ಇವೆರಡರ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಮತ್ತು ಮೊದಲೇ ಬಳಲಿದ ದೇಹಕ್ಕೆ ಕೆಟ್ಟ ಊಟದ ಪೆಟ್ಟು ಜೋರಾಗಿ ಬೀಳುತ್ತದೆ.

ತೃಪ್ತಿಯಾದರೆ ಸಾಮಾನಿಗಿಂತ ಹಣ ಕೊಡುವುದು ಮೇಲು. ಸಗಟು ಬೆಲೆಗೆ ಕೊಳ್ಳುವವರ ಕೈಯಲ್ಲಿ ಅದೇ ಮೊತ್ತಕ್ಕೆ ಹೆಚ್ಚು ದಿನಸಿ ಬರುತ್ತದೆ, ಆ ವಾರ ಏನು ಕಡಿಮೆ ಬಿದ್ದಿದೆಯೆಂಬುದೂ ಅವರಿಗೇ ಗೊತ್ತು. ಒಮ್ಮೆಗೇ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೊಮ್ಮೆ ತಪ್ಪದೆ ಬರುವ ಸಣ್ಣ ಮೊತ್ತ ಅಡುಗೆಮನೆ ನಡೆಸುವವರಿಗೆ ಹೆಚ್ಚು ಉಪಯೋಗ, ಏಕೆಂದರೆ ಬಾಡಿಗೆ, ಇಂಧನ, ಅಡುಗೆಯವರ ಸಂಬಳ ತಿಂಗಳು ತಿಂಗಳೂ ಬರುವ ಖರ್ಚುಗಳು. ಸಮಯ ಕೊಡುವುದಾದರೆ ಹಬ್ಬದ ದಿನಗಳನ್ನು ಬಿಟ್ಟು, ಕೈಗಳ ಕೊರತೆ ಇರುವ ದಿನ ಯಾವುದೆಂದು ಅಲ್ಲಿನವರನ್ನೇ ಕೇಳಿ ಆ ದಿನ ಹೋಗಿ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು.