ಗಿಡಕ್ಕೆ ಚಳಿ ಅಲ್ಲ ಸ್ವಾಮಿ, ಬಾಯಾರಿಕೆ

ಮಾಗಿ ಚಳಿ ಶುರುವಾದ್ರೆ ಸಾಕು, ನನ್ ಫೋನಿಗೆ ಒಣಗಿದ ಎಲೆ ಫೋಟೋಗಳು ಬರ್ತಾನೇ ಇರ್ತಾವೆ. ದಾಸವಾಳ ಹಳದಿ ಆಗಿದೆ, ಕ್ರೋಟನ್ ಎಲೆ ಉದುರಿಸ್ತಿದೆ, ಕೇಪಳದ ಎಲೆ ಅಂಚು ಸುಟ್ಟಂಗಾಗಿದೆ, ಏನ್ ಸ್ಪ್ರೇ ಹೊಡೀಲಿ ಸಾರ್ ಅಂತ. ಹೋದ್ಸಲ ತೀರ್ಥಹಳ್ಳಿ ಕಡೆಯ ಒಬ್ರು ಅಮೆರಿಕದ ವಿಡಿಯೋ ನೋಡ್ಕೊಂಡು ಅಂಗಳದ ಅಷ್ಟೂ ಗಿಡಕ್ಕೆ ಗೋಣಿಚೀಲ ಸುತ್ತಿಟ್ಟಿದ್ರು, ದೂರದಿಂದ ಅಡಿಕೆ ಮಂಡಿ ಥರ ಕಾಣ್ತಿತ್ತು.

ಅಲ್ಲಿ ಸುತ್ತೋದಕ್ಕೆ ಕಾರಣ ಇದೆ. ಹಿಮ ಬೀಳೋ ಊರಲ್ಲಿ ಮಣ್ಣೊಳಗಿನ ನೀರೇ ಹೆಪ್ಪುಗಟ್ಟುತ್ತೆ, ಬೇರಿಗೆ ಕುಡಿಯಕ್ಕಾಗಲ್ಲ, ಆದ್ರೆ ವರ್ಷಪೂರ್ತಿ ಹಸಿರಾಗಿರೋ ಗಿಡ ಎಲೆ ಕಳಚ್ಕೊಂಡು ಕೂರಲ್ವಲ್ಲ, ಬಿಸಿಲು ಗಾಳಿಗೆ ಎಲೆಯಿಂದ ನೀರು ಹೋಗ್ತಾನೇ ಇರುತ್ತೆ, ಖರ್ಚುಂಟು ಆದಾಯ ಇಲ್ಲ. ನಮ್ಮ ಶಿವಮೊಗ್ಗ ಸೀಮೇಲಿ ಮಣ್ಣು ಹೆಪ್ಪುಗಟ್ಟೋ ಮಾತಿಲ್ಲ, ಆದ್ರೂ ಲೆಕ್ಕ ಅದೇ. ಮಣ್ಣು ತಣ್ಣಗಾದ್ರೆ ಬೇರು ಸೋಮಾರಿ, ಮೇಲಿಂದ ಒಣ ಮೂಡುಗಾಳಿ, ಮಧ್ಯಾಹ್ನ ಚುರುಕ್ ಬಿಸಿಲು. ಅದ್ರ ಮೇಲೆ ಚಳಿ ಅಲ್ವಾ ನೀರ್ಯಾಕೆ ಅಂತ ನಾವು ಪೈಪ್ ಸುತ್ತಿಟ್ಟುಬಿಡ್ತೀವಿ. ಇಬ್ಬನಿ ನೋಡಿ ಮೋಸ ಹೋಗೋದೂ ಇಲ್ಲೇ, ಅದು ಎಲೆ ನೆನೆಸುತ್ತೆ ಅಷ್ಟೆ, ಬೇರಿನ ತನಕ ಇಳಿಯಲ್ಲ.

ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ರೆ ಬೆಳಗ್ಗೆ ಬಿಸಿಲು ಬಂದ್ಮೇಲೆ ಬುಡಕ್ಕೆ ನೀರು. ಆಗಷ್ಟೇ ಬಾವಿಯಿಂದ ಎತ್ತಿದ ನೀರು ಬೆಚ್ಚಗಿರುತ್ತೆ, ಟ್ಯಾಂಕಿಂದಕ್ಕಿಂತ ಅದೇ ವಾಸಿ. ಸಂಜೆ ಎಲೆ ಮೇಲೆ ಸುರೀಬೇಡಿ, ರಾತ್ರಿಯೆಲ್ಲ ಒದ್ದೆ ಇದ್ರೆ ಶಿಲೀಂಧ್ರ ಬರುತ್ತೆ. ಬುಡಕ್ಕೆ 2–3 ಇಂಚು ದರಗು (ಒಣಗಿ ಉದುರಿದ ಎಲೆ) ಹಾಸಿ, ಕಾಂಡಕ್ಕೆ ತಾಗದಂಗೆ ನಾಲ್ಕು ಬೆರಳು ಬಿಟ್ಟು. ಮೂಡುಗಡೆ ಎರಡು ಅಡಿಕೆ ಸೋಗೆ ನಿಲ್ಸಿ.

ತಣ್ಣನೆ ಗಾಳಿ ಭಾರ, ರಾತ್ರಿ ನೀರಿನಂಗೆ ಇಳಿಜಾರಲ್ಲಿ ಹರಿದು ತಗ್ಗಲ್ಲಿ ನಿಲ್ಲುತ್ತೆ, ಹಂಗಾಗಿ ಕೆಳಗಿನ ಅಂಗಳದ ಕುಂಡಗಳನ್ನ ಜಗಲಿಗೆ ತಂದಿಡಿ.

ಪ್ಲಾಸ್ಟಿಕ್ ಹೊದಿಸೋದು ಬೇಡವೇ ಬೇಡ. ನಾನೇ ಒಂದ್ಸಲ ಹೊದಿಸಿ, ಬೆಳಗ್ಗೆ ಭದ್ರಾವತಿಗೆ ಹೋಗಿ, ಮಧ್ಯಾಹ್ನ ಬಂದು ತೆಗೆದ್ರೆ ಕ್ರೋಟನ್ ಬೇಯಿಸಿದ ಸೊಪ್ಪಾಗಿತ್ತು. ಹಳೇ ಕಾಟನ್ ಸೀರೆ ಸಾಕು, ಬೆಳಕಾದ ಕೂಡ್ಲೆ ತೆಗೀರಿ.

ಯೂರಿಯಾ, ಕತ್ತರಿ ಎರಡೂ ಈಗ ಮುಟ್ಬೇಡಿ, ಎಳೆ ಚಿಗುರು ಬಂದ್ರೆ ಚಳಿಗೆ ಮೊದ್ಲು ಸಿಗೋದೇ ಅದು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ಲಿ, ಆಮೇಲೆ ಕೊಂಬೆ ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ರೆ ಜೀವ ಇದೆ. ತೀರ್ಥಹಳ್ಳಿ ದಾಸವಾಳಾನೂ ಹಂಗೇ ಕೆರೆದು ನೋಡಿದ್ವಿ, ಹಸಿರಿತ್ತು. ಗೋಣಿ ಬಿಚ್ಚಿ ಅದರ ಬುಡಕ್ಕೇ ಹಾಸಿ ಬಂದೆ.